ಕೊಟ್ಟವರು ತೀರಿಕೊಂಡರೆ ಜಿಪಿಎ ಏನಾಗುತ್ತದೆ?

ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನನ್ನ ಪರವಾಗಿ ಇವರು ಸಹಿ ಹಾಕಬಹುದು ಎಂದು ಬರೆದುಕೊಡುವ ಅಧಿಕಾರ ಪತ್ರ. ಬೆಂಗಳೂರಿನ ಸುತ್ತಮುತ್ತ 'ಜಿಪಿಎ ಸೈಟು' ಅನ್ನುವ ಮಾತು ಎಷ್ಟು ಬಳಕೆಯಲ್ಲಿದೆ ಅಂದರೆ, ಸೈಟುಗಳಲ್ಲಿ ಅದೂ ಒಂದು ಜಾತಿ ಎಂದೇ ಎಷ್ಟೋ ಜನ ತಿಳಿದಿದ್ದಾರೆ. ಅಂಥವರನ್ನು 2025ರ ಎರಡು ಸುದ್ದಿಗಳು ಗಾಬರಿಗೊಳಿಸಿದವು. ಫೆಬ್ರುವರಿ 27ರಂದು ಸುಪ್ರೀಂ ಕೋರ್ಟ್ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಜಿಪಿಎ ಕೊಟ್ಟ ಮಾಲೀಕ ತೀರಿಕೊಂಡ ಮೇಲೆ ಅದನ್ನು ಹಿಡಿದು ಮಾಡಿದ ಮಾರಾಟ ನಿಲ್ಲುವುದಿಲ್ಲ. ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ ಹೊಸ ನೋಂದಣಿ ಮಸೂದೆಯ ಕರಡು ಹೊರಡಿಸಿತು. ಅದರಲ್ಲಿ ಪವರ್ ಆಫ್ ಅಟಾರ್ನಿಯ ನೋಂದಣಿ ಕಡ್ಡಾಯ.

ಎರಡೂ ಸೇರಿ 'ಜಿಪಿಎ ರದ್ದಾಯ್ತಂತೆ' ಎಂಬ ಮಾತು ಹಬ್ಬಿತು. ರದ್ದೇನೂ ಆಗಿಲ್ಲ. ಆದರೆ ನಾವು ಆ ಕಾಗದವನ್ನು ಯಾವುದಕ್ಕೆ ಬಳಸುತ್ತಾ ಬಂದೆವೋ, ಅದಕ್ಕೆ ಅದು ಯಾವತ್ತೂ ಆಗಿಬರುತ್ತಿರಲಿಲ್ಲ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಚುಂಚಘಟ್ಟದ ಜಾಗ

ಪ್ರಕರಣ ನಡೆದದ್ದು ಉತ್ತರಹಳ್ಳಿ ಹೋಬಳಿಯ ಚುಂಚಘಟ್ಟದಲ್ಲಿ. 1986ರ ಏಪ್ರಿಲ್‌ನಲ್ಲಿ ಜಾಗದ ಮಾಲೀಕರು 10,250 ರೂಪಾಯಿ ಪಡೆದು ಒಬ್ಬ ಮಹಿಳೆಗೆ ಎರಡು ಕಾಗದ ಬರೆದುಕೊಟ್ಟರು. ಒಂದು ಜಿಪಿಎ, ಇನ್ನೊಂದು ಕ್ರಯದ ಕರಾರು, ಅಂದರೆ ಮುಂದೆ ಮಾರುತ್ತೇನೆ ಎಂಬ ಒಪ್ಪಂದ. ಕರಾರನ್ನು ನೋಂದಣಿ ಮಾಡಿಸಲಿಲ್ಲ. ಮಾರಾಟವನ್ನು ಪೂರ್ಣಗೊಳಿಸುವ ಕ್ರಯಪತ್ರವನ್ನೂ ಮಾಡಿಸಿಕೊಳ್ಳಲಿಲ್ಲ.

1997ರ ಜನವರಿಯಲ್ಲಿ ಮಾಲೀಕರು ತೀರಿಕೊಂಡರು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಆ ಮಹಿಳೆ ಅದೇ ಹಳೆಯ ಜಿಪಿಎ ಹಿಡಿದು ತಮ್ಮ ಮಗನಿಗೇ ಕ್ರಯಪತ್ರ ಮಾಡಿಕೊಟ್ಟರು. ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಯಿತು. ಇತ್ತ 2003ರಲ್ಲಿ ಮಾಲೀಕರ ವಾರಸುದಾರರು ಅದೇ ಜಾಗವನ್ನು ಬೇರೊಬ್ಬರಿಗೆ ಮಾರಿದರು. ಅಲ್ಲಿಂದ ಅದು ಕೈ ಬದಲಿಸುತ್ತಾ ಹೋಯಿತು. ಕೊನೆಗೆ ಒಂದೇ ಜಾಗಕ್ಕೆ ಇಬ್ಬರು ಹಕ್ಕುದಾರರು, ಇಬ್ಬರ ಕೈಯಲ್ಲೂ ನೋಂದಾಯಿತ ಪತ್ರ.

ಕೆಳಗಿನ ಕೋರ್ಟು, ಕರ್ನಾಟಕ ಹೈಕೋರ್ಟು, ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಮೂರೂ ಕಡೆ ಗೆದ್ದದ್ದು ವಾರಸುದಾರರಿಂದ ಬಂದ ಹಕ್ಕು. ಸುಮಾರು ನಲವತ್ತು ವರ್ಷ ಹಿಂದೆ ದುಡ್ಡು ಕೊಟ್ಟ ಕುಟುಂಬ ಸೋತಿತು. ಯಾಕೆ ಸೋತಿತು ಅನ್ನುವುದು ಅರ್ಥವಾಗಬೇಕಾದರೆ ಜಿಪಿಎ ಅಂದರೆ ಏನು ಎಂಬಲ್ಲಿಂದಲೇ ಶುರುಮಾಡಬೇಕು.

ಸಹಿ ಹಾಕುವ ಕೈ ಮಾತ್ರ ಬೇರೆ

ಪವರ್ ಆಫ್ ಅಟಾರ್ನಿಗೆ ಹಳಬರು ಮುಖ್ತ್ಯಾರ ಪತ್ರ ಎನ್ನುತ್ತಾರೆ. 'ನನ್ನ ಪರವಾಗಿ ಇವರು ಈ ಕೆಲಸ ಮಾಡಬಹುದು, ಇವರ ಸಹಿ ನನ್ನ ಸಹಿ ಇದ್ದಂತೆ' ಎಂದು ಬರೆದುಕೊಡುವ ಕಾಗದ ಅದು. ಒಂದೇ ಕೆಲಸಕ್ಕೆ ಕೊಟ್ಟರೆ ಸ್ಪೆಷಲ್ ಪವರ್, ಅಂದರೆ ಎಸ್‌ಪಿಎ. ಬಾಡಿಗೆ ವಸೂಲಿ, ಕಂದಾಯ ಕಟ್ಟುವುದು, ಕೋರ್ಟು ಕಚೇರಿ, ಮಾರಾಟ ಹೀಗೆ ಹಲವು ಕೆಲಸಕ್ಕೆ ಕೊಟ್ಟರೆ ಜನರಲ್ ಪವರ್, ಅಂದರೆ ಜಿಪಿಎ. ಇದಕ್ಕೆಂದೇ 1882ರ ಒಂದು ಪುಟ್ಟ ಕಾಯ್ದೆ ಇದೆ. ಆದರೆ ಕೊಟ್ಟವರಿಗೂ ಪಡೆದವರಿಗೂ ಇರುವ ಸಂಬಂಧವನ್ನು ಕಟ್ಟಿಕೊಡುವುದು 1872ರ ಕರಾರು ಕಾಯ್ದೆ. ಅದರ ಕಣ್ಣಿನಲ್ಲಿ ಜಿಪಿಎ ಹೋಲ್ಡರ್ ಒಬ್ಬ ಏಜೆಂಟ್, ಅಷ್ಟೇ.

ಏಜೆಂಟ್ ಅಂದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಹಿಂದೆ ಬರುತ್ತದೆ. ಆಸ್ತಿ ಕೊಟ್ಟವರದ್ದಾಗಿಯೇ ಉಳಿಯುತ್ತದೆ. ಮಾರಿ ಬಂದ ಹಣವೂ ಅವರದ್ದೇ, ಲೆಕ್ಕ ಒಪ್ಪಿಸಬೇಕು. ಅವರು ಯಾವಾಗ ಬೇಕಾದರೂ ಅಧಿಕಾರ ವಾಪಸ್ ಪಡೆಯಬಹುದು. ಅವರು ತೀರಿಕೊಂಡರೆ ಅಥವಾ ಬುದ್ಧಿ ಸ್ವಾಧೀನ ತಪ್ಪಿದರೆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಇದನ್ನು ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುತ್ತದೆ. ತೀರಿಹೋದವರ ಪರವಾಗಿ ಸಹಿ ಹಾಕುವುದು ಹೇಗೆ ಸಾಧ್ಯ, ಅಲ್ವಾ? ಆ ಕ್ಷಣದಿಂದ ಆಸ್ತಿ ವಾರಸುದಾರರದ್ದು. ಅವರು ಯಾರಿಗೂ ಅಧಿಕಾರ ಕೊಟ್ಟಿರುವುದಿಲ್ಲ.

ಜಿಪಿಎ ಅದನ್ನು ಕೊಟ್ಟವರ ಉಸಿರಿನ ಜೊತೆ ಬದುಕುವ ಕಾಗದ. ಕ್ರಯಪತ್ರ ಹಾಗಲ್ಲ. ಅದು ಬರೆದವರ ನಂತರವೂ ಉಳಿಯುತ್ತದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಬೇಕಾದರೆ ನೋಂದಾಯಿತ ಪತ್ರವೇ ಆಗಬೇಕು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಹೇಳುವುದೂ ಈ ಕಾರಣಕ್ಕೇ.

'ಹಿಂಪಡೆಯಲಾಗದ' ಎಂದು ಬರೆದರೆ?

ಇಲ್ಲಿ ಸಾಮಾನ್ಯವಾಗಿ ಒಂದು ಆಕ್ಷೇಪ ಬರುತ್ತದೆ. 'ನಮ್ಮದು ಇರ್ರಿವೋಕಬಲ್ ಜಿಪಿಎ, ಯಾರೂ ಏನೂ ಮಾಡೋಕಾಗಲ್ಲ' ಎಂದು. ಚುಂಚಘಟ್ಟದ ಪ್ರಕರಣದಲ್ಲೂ ವಾದ ಇದೇ ಆಗಿತ್ತು.

ಕಾನೂನಿನಲ್ಲಿ ಅಂಥ ಒಂದು ವಿನಾಯಿತಿ ನಿಜಕ್ಕೂ ಇದೆ. ಕರಾರು ಕಾಯ್ದೆಯ 202ನೇ ಸೆಕ್ಷನ್ ಪ್ರಕಾರ, ಏಜೆಂಟನಿಗೆ ಆ ಆಸ್ತಿಯಲ್ಲೇ ಸ್ವಂತ ಹಿತ ಇದ್ದರೆ ಅಧಿಕಾರ ಮುಗಿಯುವುದಿಲ್ಲ. ಹೀಗೆ ಯೋಚಿಸಿ. ಒಬ್ಬರು ನಿಮ್ಮಿಂದ ಪಡೆದ ಸಾಲವನ್ನು ತೀರಿಸಬೇಕಿದೆ. 'ನನ್ನ ಜಮೀನು ಮಾರಿ, ಬಂದ ಹಣದಲ್ಲಿ ನಿಮ್ಮ ಸಾಲ ಹಿಡಿದುಕೊಳ್ಳಿ' ಎಂದು ಅವರು ಬರೆದುಕೊಟ್ಟರು. ಆಮೇಲೆ ಅವರು ಮನಸ್ಸು ಬದಲಿಸಿದರೂ, ತೀರಿಕೊಂಡರೂ ಆ ಅಧಿಕಾರ ಉಳಿಯುತ್ತದೆ. ಅಧಿಕಾರ ಕೊಟ್ಟದ್ದೇ ನಿಮ್ಮ ಹಿತ ಕಾಯಲು.

ಆದರೆ ಆ ಹಿತ ಕಾಗದದ ಒಡಲಲ್ಲಿ ಇರಬೇಕು, ತಲೆಬರಹದಲ್ಲಲ್ಲ. ಕೋರ್ಟು ಹೇಳಿದ್ದರ ಸಾರ ಇಷ್ಟು: ಹಿತ ಇಲ್ಲದಿದ್ದರೆ ಯಾವ ಪದ ಸೇರಿಸಿದರೂ ಜಿಪಿಎ ಗಟ್ಟಿಯಾಗುವುದಿಲ್ಲ. ಹಿತ ಇದ್ದರೆ ಆ ಪದ ಇಲ್ಲದಿದ್ದರೂ ಅದು ನಿಲ್ಲುತ್ತದೆ. 1986ರ ಆ ಜಿಪಿಎಯಲ್ಲಿ ಇದ್ದದ್ದು ಸಾಮಾನ್ಯ ಸ್ವರೂಪದ ಅಧಿಕಾರ, ಪಡೆದವರ ಹಿತ ಕಾಯುವ ಮಾತಲ್ಲ. ಅದೇ ದಿನ ಕರಾರೂ ಆಗಿತ್ತು, ಎರಡನ್ನೂ ಸೇರಿಸಿ ಓದಿ ಎಂಬ ವಾದವೂ ಫಲ ಕೊಡಲಿಲ್ಲ. ಕ್ರಯದ ಕರಾರು ಮುಂದೆ ಮಾರುತ್ತೇನೆ ಎಂಬ ಮಾತು. ಮಾತಿನಿಂದಲೇ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ.

ಜನ ಈ ದಾರಿ ಹಿಡಿದದ್ದು ಯಾಕೆ?

ದಡ್ಡತನದಿಂದ ಅಲ್ಲ. ಬಹಳ ಸಲ ಬೇರೆ ದಾರಿ ಮುಚ್ಚಿತ್ತು.

ನಗರದ ಅಂಚಿನ ಹೊಲಗಳನ್ನು ಭೂಪರಿವರ್ತನೆ ಮಾಡಿಸದೆ, ನಕ್ಷೆಗೆ ಮಂಜೂರಾತಿ ಪಡೆಯದೆ 30-40ರ ತುಂಡು ಮಾಡಿ ಮಾರಿದರು. ಇವೇ ರೆವಿನ್ಯೂ ಸೈಟುಗಳು. ಇವಕ್ಕೆ ಕ್ರಯಪತ್ರ ಮಾಡಿಸುವುದು ಕಷ್ಟವಾದಾಗ ಜಿಪಿಎ, ಕರಾರು, ಜೊತೆಗೊಂದು ವಿಲ್ಲು ಮತ್ತು ಅಫಿಡವಿಟ್ಟು ಸೇರಿಸಿ ಒಂದು ಕಟ್ಟು ಕೊಡುವ ಪದ್ಧತಿ ಬೆಳೆಯಿತು. 2020ರ ತಿದ್ದುಪಡಿಗೆ ಮುಂಚೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಭೂಸುಧಾರಣಾ ಕಾಯ್ದೆಯ ತಡೆ ಇತ್ತು. ಅಲ್ಲೂ ಜಿಪಿಎಯೇ ಅಡ್ಡದಾರಿ. ಬಿಡಿಎ ಹಂಚಿದ ಸೈಟನ್ನು ಇಷ್ಟು ವರ್ಷ ಮಾರಬಾರದು ಎಂಬ ಷರತ್ತಿತ್ತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಅದರ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ರಕ್ಷಣೆ ಇತ್ತು. ಕಾನೂನು ಬೇಲಿ ಹಾಕಿದ ಕಡೆಯಲ್ಲೆಲ್ಲ ಜಿಪಿಎ ಎಂಬ ಕಂಡಿ ತೆರೆದುಕೊಂಡಿತು.

ಇನ್ನೊಂದು ಕಾರಣ ಖರ್ಚು. ಕ್ರಯಪತ್ರಕ್ಕೆ ಆಸ್ತಿಯ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಕಟ್ಟಬೇಕು, ನೋಂದಣಿ ಶುಲ್ಕ ಬೇರೆ. ಜಿಪಿಎ ಕೆಲವು ನೂರು ರೂಪಾಯಿಯ ಛಾಪಾ ಕಾಗದದಲ್ಲಿ, ನೋಟರಿಯ ಮೇಜಿನ ಮುಂದೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಈ ಸೋರಿಕೆ ತಡೆಯಲು ಕರ್ನಾಟಕ ತನ್ನ ಮುದ್ರಾಂಕ ಕಾಯ್ದೆಯನ್ನು ಬಿಗಿ ಮಾಡಿತು. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರನ್ನು ಬಿಟ್ಟು ಹೊರಗಿನವರಿಗೆ ಮಾರುವ ಅಧಿಕಾರ ಕೊಟ್ಟರೆ, ಕ್ರಯಪತ್ರಕ್ಕೆ ಎಷ್ಟೋ ಅಷ್ಟೇ ಮುದ್ರಾಂಕ ಶುಲ್ಕ. ಆದರೂ ಬರೀ ನೋಟರಿ ಮಾಡಿಸಿದ ಕಾಗದಗಳ ಓಡಾಟ ನಿಲ್ಲಲಿಲ್ಲ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ನೇರ ದಾರಿ ದುಬಾರಿಯಾದಷ್ಟೂ ಅಡ್ಡದಾರಿಯ ಸೆಳೆತ ಜಾಸ್ತಿಯಾಗುತ್ತದೆ. ಸರ್ಕಾರ ಇದನ್ನು ಗಮನಿಸಲೇಬೇಕು.

2011ರಲ್ಲೇ ಬಂದಿತ್ತು ಎಚ್ಚರಿಕೆ

ಫೆಬ್ರುವರಿಯ ತೀರ್ಪು ಹೊಸದೇನನ್ನೋ ಹೇಳಿತು ಎಂದುಕೊಳ್ಳುವುದು ತಪ್ಪು. 2011ರ ಅಕ್ಟೋಬರ್ 11ರಂದೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತ್ತು. ಕರಾರು, ಜಿಪಿಎ, ವಿಲ್ಲು ಮೂರೂ ಸೇರಿದರೂ ಒಂದು ಕ್ರಯಪತ್ರಕ್ಕೆ ಸಮ ಅಲ್ಲ. ಆ ಪೀಠದ ಮುಖ್ಯಸ್ಥರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಇಂಥ ವಹಿವಾಟು ಕಪ್ಪುಹಣಕ್ಕೂ ಭೂಮಾಫಿಯಾಗೂ ದಾರಿ ಮಾಡಿಕೊಡುತ್ತದೆ, ಒಂದೇ ಆಸ್ತಿಯನ್ನು ಹಲವರಿಗೆ ಮಾರಲು ನೆರವಾಗುತ್ತದೆ ಎಂಬುದು ಕೋರ್ಟಿನ ಕಳವಳವಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ಸುಪ್ರೀಂ ಕೋರ್ಟು ಮತ್ತೆ ಇದೇ ಮಾತು ಹೇಳಿದೆ.

ಗಾಬರಿಯಲ್ಲಿ ಜನ ಮರೆಯುವ ಭಾಗ ಒಂದಿದೆ. ಅದೇ 2011ರ ತೀರ್ಪು ನಿಜವಾದ ಜಿಪಿಎಗಳನ್ನು ತಾನು ಮುಟ್ಟುತ್ತಿಲ್ಲ ಎಂದೂ ಹೇಳಿತು. ಗಂಡ, ಹೆಂಡತಿ, ಮಗ, ಮಗಳು, ಅಣ್ಣ, ತಂಗಿ ಅಥವಾ ನೆಂಟರಿಗೆ ತಮ್ಮ ವ್ಯವಹಾರ ನೋಡಿಕೊಳ್ಳಲು, ಕ್ರಯಪತ್ರಕ್ಕೆ ಸಹಿ ಹಾಕಲು ಕೊಡುವ ಅಧಿಕಾರ ಸರಿಯೇ. ಬಿಲ್ಡರ್‌ಗಳ ಜೊತೆಗಿನ ಜಂಟಿ ಅಭಿವೃದ್ಧಿ ಕರಾರಿನ ಜಿಪಿಎಗಳೂ ಸರಿ. ಅಮೆರಿಕದಲ್ಲಿರುವ ಮಗಳು ಮೈಸೂರಿನ ಅಪ್ಪನಿಗೆ ಜಿಪಿಎ ಕಳಿಸಿದರೆ, ಅಪ್ಪ ಮಗಳ ಪರವಾಗಿ ಸಹಿ ಹಾಕಿದ ಕ್ರಯಪತ್ರಕ್ಕೆ ಯಾವ ಕುಂದೂ ಇಲ್ಲ. ಅಲ್ಲಿ ಆಸ್ತಿ ಹೋಗುವುದು ಕ್ರಯಪತ್ರದಿಂದ. ಜಿಪಿಎ ಸಹಿ ಹಾಕಲಷ್ಟೇ ಬಂತು.

ಇಬ್ಬರ ಮಾತಿನಲ್ಲೂ ನೋವಿದೆ

ಕೊಂಡವರ ವಾದ ಹೀಗೆ. ನಾವು ಆ ಕಾಲದ ಪೂರ್ತಿ ಬೆಲೆ ಕೊಟ್ಟಿದ್ದೇವೆ. ಮನೆ ಕಟ್ಟಿ ಮೂವತ್ತು ವರ್ಷ ಬಾಳಿದ್ದೇವೆ. ಕಂದಾಯ, ನೀರು, ಕರೆಂಟು ಎಲ್ಲ ನಮ್ಮ ಹೆಸರಲ್ಲಿದೆ. ಜಾಗಕ್ಕೆ ಬೆಲೆ ಬಂದ ಮೇಲೆ ಮಾರಿದವರ ಮೊಮ್ಮಕ್ಕಳು ಬಂದು ಕೇಳಿದರೆ ನ್ಯಾಯವೇ?

ವಾರಸುದಾರರು ಹೇಳುವುದೂ ಸುಳ್ಳಲ್ಲ. ಅಜ್ಜ ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿತ್ತು ಎಂದು ಅಜ್ಜನಿಗೇ ಗೊತ್ತಿರಲಿಲ್ಲ. ನೋಡಿಕೊಳ್ಳಲು ಕೊಟ್ಟ ಅಧಿಕಾರವನ್ನು ಮಾರಾಟವೆಂದು ತೋರಿಸಿದ್ದರಿಂದ ಜಮೀನು ಕಳೆದುಕೊಂಡ ರೈತರೂ, ಮುದುಕಿಯರೂ ಇದ್ದಾರೆ.

ಹಾಗಾದರೆ ಕೋರ್ಟು ಕಾಗದದ ಕಡೆಗೇ ಯಾಕೆ ವಾಲುತ್ತದೆ? ಯಾರು ದುಡ್ಡು ಕೊಟ್ಟರು, ಯಾರು ಮೋಸ ಮಾಡಿದರು ಎಂಬುದನ್ನು ನಲವತ್ತು ವರ್ಷದ ಮೇಲೆ ತೀರ್ಮಾನಿಸುವುದು ಬಹಳ ಕಷ್ಟ. ಸಾಕ್ಷಿಗಳು ಉಳಿದಿರುವುದಿಲ್ಲ. ನೋಂದಾಯಿತ ಪತ್ರ ಎಲ್ಲರೂ ನೋಡಬಹುದಾದ ದಾಖಲೆ. ಮೂರನೆಯವರು ಅದನ್ನು ನಂಬಿ ಕೊಳ್ಳುತ್ತಾರೆ. ನೋಟರಿ ಕಾಗದ ಬೀರುವಿನೊಳಗೆ ಮಡಚಿಟ್ಟ ಗುಟ್ಟು. ಗುಟ್ಟಿಗೆ ಮಾನ್ಯತೆ ಕೊಟ್ಟರೆ ನಾಳೆ ಯಾರ ಕ್ರಯಪತ್ರಕ್ಕೂ ಭದ್ರತೆ ಇರುವುದಿಲ್ಲ. ನಿಯಮ ಸರಿಯಾದದ್ದೇ. ಆದರೆ ಅದರ ಏಟು ಬಿದ್ದದ್ದು ಬಡಾವಣೆ ಮಾಡಿ ಲಾಭ ಪಡೆದು ಹೋದವರ ಮೇಲಲ್ಲ, ಕೊನೆಗೆ ಆ ಮನೆಯಲ್ಲಿ ಉಳಿದವರ ಮೇಲೆ. ಈ ಅನ್ಯಾಯವನ್ನು ಯಾವ ತೀರ್ಪೂ ಸರಿಪಡಿಸಿಲ್ಲ.

ಜಿಪಿಎ ಸೈಟಿನಲ್ಲಿ ಇರುವವರಿಗೆ ಏನು ದಾರಿ?

ಜಿಪಿಎ ಕೊಟ್ಟವರು ಬದುಕಿದ್ದರೆ ಕಾಯಬೇಡಿ. ಅವರಿಂದಲೇ ನೋಂದಾಯಿತ ಕ್ರಯಪತ್ರ ಮಾಡಿಸಿಕೊಳ್ಳಿ. ಇಂದಿನ ಮಾರ್ಗಸೂಚಿ ದರದ (ಸರ್ಕಾರ ಗೊತ್ತುಮಾಡಿದ ಬೆಲೆಯ) ಮೇಲೆ ಶುಲ್ಕ ಕಟ್ಟಬೇಕಾಗುತ್ತದೆ, ನಿಜ. ಆದರೆ ಅವರು ತೀರಿಕೊಂಡ ಮರುದಿನ ಒಂದು ಸಹಿ ಸಾಲದು. ವಂಶವೃಕ್ಷದಲ್ಲಿರುವ ಪ್ರತಿಯೊಬ್ಬರ ಸಹಿ ಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೂ ಸೇರಿ.

ಕ್ರಯಪತ್ರ ಕೊಡಲು ಅವರು ಒಪ್ಪದಿದ್ದರೆ ಕರಾರಿನ ಆಧಾರದ ಮೇಲೆ ಕೋರ್ಟಿಗೆ ಹೋಗಬಹುದು. ಅದಕ್ಕೆ ಕಾಲಮಿತಿ ಮೂರು ವರ್ಷ. ಕರಾರಿನಲ್ಲಿ ದಿನಾಂಕ ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಅವರು ಒಲ್ಲೆ ಅಂದದ್ದು ಗೊತ್ತಾದ ದಿನದಿಂದ. ಹಳೆಯ ಎಷ್ಟೋ ಪ್ರಕರಣಗಳು ಇಲ್ಲೇ ಮುಗ್ಗರಿಸುತ್ತವೆ.

ಸ್ವಾಧೀನದಲ್ಲಿ ಇರುವವರಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 53ಎ ಸೆಕ್ಷನ್ ಒಂದು ಗುರಾಣಿ ಕೊಡುತ್ತದೆ. ಲಿಖಿತ ಕರಾರಿನಂತೆ ನಡೆದುಕೊಂಡಿದ್ದರೆ, ಮಾರಿದವರು ಅವರನ್ನು ಹೊರಹಾಕಲಾರರು. ಆದರೆ 2001ರ ಸೆಪ್ಟೆಂಬರ್ 24ರಿಂದೀಚೆಗಿನ ಕರಾರು ನೋಂದಣಿ ಆಗಿದ್ದರೆ ಮಾತ್ರ ಈ ರಕ್ಷಣೆ. ಮತ್ತು ಇದು ಬರೀ ಗುರಾಣಿ. ಇದನ್ನು ಹಿಡಿದು 'ನಾನೇ ಮಾಲೀಕ' ಎಂದು ಸಾಧಿಸಲಾಗದು. ಹನ್ನೆರಡು ವರ್ಷ ಇದ್ದೇವೆ, ಪ್ರತಿಕೂಲ ಸ್ವಾಧೀನದಿಂದ ನಮ್ಮದಾಯಿತು ಎಂಬ ವಾದವೂ ಸುಲಭ ಅಲ್ಲ. ಮಾಲೀಕರ ಒಪ್ಪಿಗೆಯಿಂದಲೇ ಒಳಗೆ ಬಂದವರು ಅವರ ವಿರುದ್ಧವಾಗಿ ಕೂತಿದ್ದೆ ಎಂದು ಹೇಳುವುದು ಹೇಗೆ?

ಒತ್ತಡ ಬೇರೆ ಕಡೆಯಿಂದಲೂ ಬರುತ್ತಿದೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಇಲ್ಲ. ಖಾತೆಗೆ ನೋಂದಾಯಿತ ಪತ್ರ ಬೇಕು. ಜಿಪಿಎ ಕಟ್ಟನ್ನು ಬ್ಯಾಂಕು ಸಾಲಕ್ಕೆ ಒಪ್ಪುವುದಿಲ್ಲ. ಮೊದಲು ಒಂದು ಜಿಪಿಎ ಮೇಲೆ ಇನ್ನೊಂದು ಜಿಪಿಎ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಈಗ ಹಾಗೆ ಕೊಳ್ಳುವವರು ಕಡಿಮೆಯಾಗುತ್ತಾರೆ.

ಕರಡು ಮಸೂದೆ ಏನು ಬದಲಿಸುತ್ತದೆ?

1908ರ ನೋಂದಣಿ ಕಾಯ್ದೆಯ ಮೂಲ ಕಡ್ಡಾಯ ಪಟ್ಟಿಯಲ್ಲಿ ಮುಖ್ತ್ಯಾರ ಪತ್ರ ಇಲ್ಲ. ಕೆಲವು ರಾಜ್ಯಗಳು ತಾವೇ ತಿದ್ದುಪಡಿ ಮಾಡಿಕೊಂಡಿವೆ. 2025ರ ಕರಡು ಇಡೀ ದೇಶಕ್ಕೆ ಪಟ್ಟಿಯನ್ನು ಹಿಗ್ಗಿಸುತ್ತದೆ. ಪವರ್ ಆಫ್ ಅಟಾರ್ನಿಯ ಜೊತೆ ಕ್ರಯದ ಕರಾರೂ ಕಡ್ಡಾಯ ಪಟ್ಟಿಗೆ ಸೇರುತ್ತದೆ. ಆನ್‌ಲೈನ್ ನೋಂದಣಿಗೂ ಅವಕಾಶ ಕೊಡುತ್ತದೆ. ಇದು ಕರಡು. ಸಂಸತ್ತು ಒಪ್ಪಿ ಜಾರಿಗೆ ತಂದ ಮೇಲಷ್ಟೇ ಕಾನೂನು.

ಪರ ಇರುವವರು ಹೇಳುವುದು ಸುಳ್ಳು ಸಹಿ, ಹಿಂದಿನ ತಾರೀಖು ಹಾಕಿದ ಛಾಪಾ ಕಾಗದ ನಿಲ್ಲುತ್ತದೆ ಎಂದು. ಅಧಿಕಾರಿಯ ಮುಂದೆ ಫೋಟೊ, ಬೆರಳಚ್ಚು ಕೊಟ್ಟ ಮೇಲೆ 'ಅದು ನನ್ನ ಸಹಿ ಅಲ್ಲ' ಎನ್ನುವುದು ಕಷ್ಟ. ಇದು ನಿಜವಾದ ಲಾಭ. ಆದರೆ ನೋಂದಣಿಯಿಂದ ಜಿಪಿಎ ಕ್ರಯಪತ್ರ ಆಗಿಬಿಡುವುದಿಲ್ಲ. 'ರಿಜಿಸ್ಟರ್ಡ್ ಜಿಪಿಎ, ಭಯ ಬೇಡ' ಎಂದು ಹೇಳಿ ಮಾರುವವರು ಮುಂದೆ ಜಾಸ್ತಿಯಾಗಬಹುದು. ನೋಂದಾಯಿತ ಜಿಪಿಎ ಕೂಡ ಕೊಟ್ಟವರ ಸಾವಿನೊಂದಿಗೆ ಮುಗಿಯುತ್ತದೆ.

ಆತಂಕ ಇರುವುದು ಹಾಸಿಗೆ ಹಿಡಿದ ಹಿರಿಯರ, ದೂರದಲ್ಲಿರುವವರ ಬಗ್ಗೆ. ಈಗಿನ ಕಾಯ್ದೆಯಲ್ಲೂ ಕಚೇರಿಗೆ ಬರಲಾಗದವರ ಮನೆಗೇ ಅಧಿಕಾರಿ ಹೋಗುವ ಅವಕಾಶ ಇದೆ. ಅದು ಎಲ್ಲರಿಗೂ ಸುಲಭವಾಗಿ ಸಿಗುವಂತಾಗಬೇಕು.

ಕೊಡುವ ಮುಂಚೆ, ಕೊಟ್ಟ ಮೇಲೆ

ಒಂದೇ ಕೆಲಸಕ್ಕಾದರೆ ಜಿಪಿಎ ಬೇಡ, ಎಸ್‌ಪಿಎ ಸಾಕು. ಯಾವ ಆಸ್ತಿ, ಯಾವ ಕೆಲಸ, ಯಾವ ತಾರೀಖಿನವರೆಗೆ ಎಂದು ಬಿಡಿಸಿ ಬರೆಯಿರಿ. ಕೋರ್ಟುಗಳು ಈ ಕಾಗದವನ್ನು ಬಿಗಿಯಾಗಿ ಓದುತ್ತವೆ. ಬರೆಯದ ಅಧಿಕಾರ ಇಲ್ಲ ಎಂದೇ ಲೆಕ್ಕ. 'ನಿರ್ವಹಣೆ' ಎಂದಿದ್ದರೆ ಮಾರುವಂತಿಲ್ಲ. ಮಾರಿದ ಹಣ ಅಧಿಕಾರ ಕೊಟ್ಟವರ ಬ್ಯಾಂಕ್ ಖಾತೆಗೇ ಬರಬೇಕು ಎಂಬ ಸಾಲನ್ನು ಸೇರಿಸಿ. ಪತ್ರ ಬರಹಗಾರರ ಸಿದ್ಧ ನಮೂನೆಯಲ್ಲಿ ಮಾರುವ, ಅಡ ಇಡುವ, ದಾನ ಕೊಡುವ ಅಧಿಕಾರವೆಲ್ಲ ಮೊದಲೇ ತುಂಬಿರುತ್ತದೆ. ಓದಿ, ಬೇಡದ್ದನ್ನು ತೆಗೆಸಿ.

ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಥವಾ ನೋಟರಿ ಮುಂದೆ ಸಹಿ ಮಾಡಬಹುದು. ಅಪೊಸ್ಟಿಲ್ (ಒಂದು ದೇಶದ ದಾಖಲೆ ಅಸಲಿ ಎಂದು ಇನ್ನೊಂದು ದೇಶಕ್ಕೆ ದೃಢೀಕರಿಸುವ ಮುದ್ರೆ) ಒಪ್ಪಂದದ ದೇಶಗಳಲ್ಲಿ ನೋಟರಿಯ ಮೇಲೆ ಅಪೊಸ್ಟಿಲ್ ಮುದ್ರೆ ಹಾಕಿಸುವ ರೂಢಿ ಇದೆ. ಕಾಗದ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಎಷ್ಟೋ ಜನ ಮರೆಯುವುದು ಇದನ್ನೇ.

ರದ್ದು ಮಾಡುವುದು ಕೊಡುವಷ್ಟೇ ಗಂಭೀರ ಕೆಲಸ. ಮನಸ್ಸಿನಲ್ಲಿ ರದ್ದು ಮಾಡಿದರೆ ಸಾಲದು. ಏಜೆಂಟನಿಗೆ ತಿಳಿದ ಮೇಲೆ ಅವನ ಮಟ್ಟಿಗೆ, ಹೊರಗಿನವರಿಗೆ ತಿಳಿದ ಮೇಲೆ ಅವರ ಮಟ್ಟಿಗೆ ಅದು ಜಾರಿಗೆ ಬರುತ್ತದೆ. ಆದ್ದರಿಂದ ರದ್ದತಿ ಪತ್ರ ಮಾಡಿಸಿ, ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೂ ಬ್ಯಾಂಕಿಗೂ ತಿಳಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ. ಮೂಲ ಪ್ರತಿ ವಾಪಸ್ ಪಡೆಯಿರಿ. ಜಿಪಿಎ ಹೋಲ್ಡರ್ ಕಡೆಯಿಂದ ಕೊಳ್ಳುವವರು, ಜಿಪಿಎ ಕೊಟ್ಟವರು ಇವತ್ತು ಬದುಕಿದ್ದಾರೆಯೇ ಎಂದು ನೋಡಬೇಕು. ಸಾಧ್ಯವಾದರೆ ಅವರ ಜೊತೆಗೇ ಮಾತಾಡಿ.

ಮರೆವು ಬಂದಾಗ

ಇಷ್ಟೆಲ್ಲ ಚರ್ಚೆಯಲ್ಲಿ ಯಾರೂ ಎತ್ತದ ಪ್ರಶ್ನೆ ಒಂದಿದೆ. ವಯಸ್ಸಾದ ಅಪ್ಪ ಅಮ್ಮನಿಗೆ ನೆನಪು ಕೈಕೊಟ್ಟರೆ ಇರಲಿ ಎಂದು ಮಕ್ಕಳು ಮೊದಲೇ ಜಿಪಿಎ ಮಾಡಿಸಿಡುತ್ತಾರೆ. ಆದರೆ ಬುದ್ಧಿ ಸ್ವಾಧೀನ ತಪ್ಪಿದರೆ ಏಜೆನ್ಸಿ ಮುಗಿಯುತ್ತದೆ ಎಂದು 201ನೇ ಸೆಕ್ಷನ್ ಹೇಳುತ್ತದಲ್ಲ. ಯಾವ ದಿನಕ್ಕೆಂದು ಆ ಕಾಗದ ಮಾಡಿಸಿದರೋ ಆ ದಿನವೇ ಅದು ಕೆಲಸಕ್ಕೆ ಬರುವುದಿಲ್ಲ. ಇಂಗ್ಲೆಂಡ್, ಅಮೆರಿಕದಲ್ಲಿ ಬುದ್ಧಿ ಮಂಕಾದ ಮೇಲೂ ಉಳಿಯುವ ಅಧಿಕಾರ ಪತ್ರಕ್ಕೆ ಪ್ರತ್ಯೇಕ ಕಾನೂನಿದೆ. ನಮ್ಮಲ್ಲಿ ಇಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಾವೇ ಒಬ್ಬ ಪ್ರತಿನಿಧಿಯನ್ನು ಹೆಸರಿಸಿಡಬಹುದು. ಆದರೆ ಅದು ಚಿಕಿತ್ಸೆಯ ನಿರ್ಧಾರಕ್ಕೆ, ಬ್ಯಾಂಕಿಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪೋಷಕತ್ವದ ದಾರಿ ಇದೆ, ಅದಕ್ಕೆ ಅರ್ಜಿ, ವಿಚಾರಣೆ ಆಗಬೇಕು. ಕೋಮಾದಲ್ಲಿರುವವರ ಕುಟುಂಬಗಳು ಹೈಕೋರ್ಟಿನ ಮೆಟ್ಟಿಲು ಹತ್ತಿ ಪೋಷಕರಾಗಿ ನೇಮಕ ಪಡೆದಿವೆ. ಆಸ್ಪತ್ರೆಯ ಬಿಲ್ಲು ಕಟ್ಟಲು ಅಪ್ಪನ ಖಾತೆಯಿಂದ ಹಣ ತೆಗೆಯಬೇಕಾದ ಮನೆಯವರು ವಕೀಲರ ಕಚೇರಿಯಲ್ಲಿ ಕೂರಬೇಕಾಗುತ್ತದೆ.

ನೋಂದಣಿ ಮಸೂದೆ ಈ ಕೊರತೆಯನ್ನು ತುಂಬುವ ಕಾಯ್ದೆ ಅಲ್ಲ. ಅದಕ್ಕೆ ಕರಾರು ಕಾಯ್ದೆಯೇ ತಿದ್ದುಪಡಿಯಾಗಬೇಕು. ಅಲ್ಲಿಯವರೆಗೆ ಮನೆಗಳು ಮಾಡಬಹುದಾದದ್ದು ಸ್ವಲ್ಪವೇ: ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಬ್ಯಾಂಕ್ ಖಾತೆ, ಹಿರಿಯರು ಗಟ್ಟಿಯಾಗಿರುವಾಗಲೇ ಅವರ ಇಷ್ಟದಂತೆ ಬರೆದ ವಿಲ್ಲು, ಮಾರಬೇಕಾದ ಆಸ್ತಿ ಇದ್ದರೆ ಅವರ ಸಹಿಯಲ್ಲೇ ಕ್ರಯಪತ್ರ.